ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಕಾಣದಿದ್ದರೆ

ಉಬುಂಟು ಲಿನಕ್ಸ್ ಹಾಕಲು ಹೋದರೆ ಡಿಸ್ಕೇ ಕಾಣಿಸುತ್ತಿಲ್ಲ, ವಿಂಡೋಸ್ ಮಾತ್ರ ಸರಿಯಾಗಿ ನಡೆಯುತ್ತಿದೆ ಎಂದು ಕೇಳಿದ್ದೀರಿ. ಗಾಬರಿ ಬೇಡ, ವಿಂಡೋಸ್ ನಡೀತಿದೆ ಅಂದ್ರೆ ಡಿಸ್ಕ್ ಕೆಟ್ಟಿಲ್ಲ. ನಿಮ್ಮದು ಇಂಟೆಲ್ ಲ್ಯಾಪ್‌ಟಾಪ್ ಅಲ್ವಾ? ಹಾಗಿದ್ದರೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಲ್ಯಾಪ್‌ಟಾಪ್ ಸೆಟ್ಟಿಂಗ್) ಸ್ಟೋರೇಜ್ ಬಹುಶಃ ಆರ್‌ಎಸ್‌ಟಿ ಎಂಬ ಇಂಟೆಲ್‌ನದೇ ಮೋಡ್‌ನಲ್ಲಿದೆ. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ. 11ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನಿಂದ ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ವಿಎಂಡಿ ಎಂಬ ಹೆಸರಲ್ಲಿರುತ್ತದೆ, ಅದನ್ನು ಆಫ್ ಮಾಡಬೇಕು.

ಆದರೆ ದಯವಿಟ್ಟು ಸುಮ್ನೆ ಹೋಗಿ ಬದಲಿಸಿಬಿಡಬೇಡಿ. ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು, ಹೊಸ ಮೋಡ್‌ಗೆ ಬೇಕಾದ ಡ್ರೈವರ್ ಅದು ಬೂಟ್ ಆಗುವಾಗ ತಯಾರಿರುವುದಿಲ್ಲ. ಮೊದಲು ಮುಖ್ಯ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಬಯಾಸ್ ಮುಟ್ಟಿದ ಮೇಲೆ ಅದನ್ನು ಕೇಳುವ ಸಾಧ್ಯತೆ ಜಾಸ್ತಿ. ಆಮೇಲೆ ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ (msconfig) ಎಂಬ ಸೆಟ್ಟಿಂಗ್ ತೆರೆದು ಸೇಫ್ ಬೂಟ್ ಟಿಕ್ ಮಾಡಿ, ಆಗ ವಿಂಡೋಸ್ ಅತಿ ಅಗತ್ಯದ್ದಷ್ಟನ್ನೇ ಬಳಸಿ ಸೇಫ್ ಮೋಡ್‌ನಲ್ಲಿ ತೆರೆಯುತ್ತದೆ. ರೀಸ್ಟಾರ್ಟ್ ಆಗುವಾಗ ನೇರವಾಗಿ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಒಮ್ಮೆ ತೆರೆದುಕೊಂಡರೆ ಸಾಕು, ಡ್ರೈವರ್ ತಾನೇ ಕೂರುತ್ತದೆ. ಅಲ್ಲಿ ಪಿನ್ ಬದಲು ಪಾಸ್‌ವರ್ಡ್ ಕೇಳಬಹುದು, ನೆನಪಿಟ್ಟುಕೊಂಡಿರಿ. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ, ಆಮೇಲೆ ಉಬುಂಟು ಪೆನ್‌ಡ್ರೈವ್ ಹಾಕಿ ನೋಡಿ.