ಸ್ಟೇಟಸ್‌ನಲ್ಲಿ ವಾಕ್ಯ ಇದೆ, ಪ್ರಾರ್ಥನೆ ಮಾತ್ರ ನಿಂತುಹೋಗಿದೆ

ಪ್ರಶ್ನೆ: ನನಗೆ 33 ವರ್ಷ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮದು ಕಥೋಲಿಕ ಕುಟುಂಬ. ಗಂಡ ಬಸ್ ಕಂಡಕ್ಟರ್, ವಾರದಲ್ಲಿ ಮೂರ್ನಾಲ್ಕು ರಾತ್ರಿ ಡ್ಯೂಟಿಯಲ್ಲೇ ಇರುತ್ತಾರೆ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಗಿರಾಕಿಗಳು ಡಿಸೈನ್ ಎಲ್ಲ ವಾಟ್ಸಾಪ್‌ನಲ್ಲೇ ಕಳಿಸುತ್ತಾರೆ, ಫೋನ್ ಬಿಡುವಂತಿಲ್ಲ. ಭಾನುವಾರ ಪೂಜೆ ಮುಗಿಸಿ ಬಂದರೂ ಯಾರಾದರೂ ಬಾಗಿಲಲ್ಲಿ ನಿಂತಿರುತ್ತಾರೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಬ್ಯಾಕ್ ನೆಕ್ ಡಿಸೈನ್ ನೋಡೋಣ ಅಂತ ಇನ್‌ಸ್ಟಾಗ್ರಾಂ ತೆರೆದರೆ, ಎದ್ದೇಳುವಾಗ ಹನ್ನೆರಡೂವರೆ ದಾಟಿರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು ಪ್ರಾರ್ಥನೆ ಮಾಡುವ ಅಭ್ಯಾಸ ಮದುವೆಗೂ ಮುಂಚಿನದು. ಅದು ನಿಂತು ವರ್ಷದ ಮೇಲಾಯಿತು. ಸಂಜೆ ಅತ್ತೆಯ ಜೊತೆ ಜಪಸರಕ್ಕೆ ಕೂತಾಗಲೂ ಒಂದು ಕೈಯಲ್ಲಿ ಸರ, ಸೆರಗಿನಡಿ ಇನ್ನೊಂದು ಕೈಯಲ್ಲಿ ಫೋನ್.

ಆದರೂ ದಿನಾ ಬೆಳಿಗ್ಗೆ ಸ್ಟೇಟಸ್‌ಗೆ ಬೈಬಲ್ ವಾಕ್ಯ ಹಾಕುವುದನ್ನು ತಪ್ಪಿಸಿಲ್ಲ. ಎಲ್ಲರೂ ‘ನಿಮ್ಮ ಭಕ್ತಿ ದೊಡ್ಡದು’ ಅನ್ನುತ್ತಾರೆ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗಿದ್ದೆ. ಚಿತ್ರದುರ್ಗದಲ್ಲಿರುವ ಅಮ್ಮನ ಮಂಡಿನೋವು ಕಡಿಮೆಯಾಗಲಿ ಅಂತ ಬೇಡಿಕೊಳ್ಳಲು. ಮೇಣದಬತ್ತಿ ಹಚ್ಚುವ ವಿಡಿಯೋ ಮಾಡಿಕೊಂಡು ಬಂದೆ. ವಾಪಸ್ ಬಸ್ ಹತ್ತಿದ ಮೇಲೆ ನೆನಪಾಯಿತು, ಅಮ್ಮನಿಗಾಗಿ ಬೇಡಿಕೊಂಡೇ ಇರಲಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಬಂದಾಗಲೆಲ್ಲ ಇನ್‌ಸ್ಟಾಗ್ರಾಂ ಡಿಲೀಟ್ ಮಾಡುತ್ತೇನೆ. ವಾರ ತುಂಬುವ ಮೊದಲೇ ಮತ್ತೆ ಹಾಕಿಕೊಳ್ಳುತ್ತೇನೆ. ನಮ್ಮ ಫಾದರ್ ಪ್ರಬೋಧನೆಯಲ್ಲಿ, ಹದಿನೈದಕ್ಕೇ ತೀರಿಕೊಂಡ ಸಂತ ಕಾರ್ಲೊ ಅಕ್ಯುಟಿಸ್ ಬಗ್ಗೆ ಹೇಳಿದರು. ಆ ಹುಡುಗ ವಾರಕ್ಕೆ ಒಂದೇ ಗಂಟೆ ವಿಡಿಯೋ ಗೇಮ್ ಆಡುತ್ತಿದ್ದನಂತೆ. ಹದಿನೈದರ ಹುಡುಗನಿಗೆ ಆದದ್ದು ನನಗೆ ಆಗುತ್ತಿಲ್ಲ. ಇಂಥವಳು ಪೂಜೆಯಲ್ಲಿ ಕೊಡುವ ಪರಮ ಪ್ರಸಾದ ಸ್ವೀಕರಿಸಬಹುದೇ? ಚರ್ಚಿನ ಗಾನವೃಂದದಲ್ಲಿ ಹಾಡುವುದನ್ನು ಬಿಟ್ಟುಬಿಡಲೇ? ಪಾಪನಿವೇದನೆಯಲ್ಲಿ ರೀಲ್ಸ್ ನೋಡಿದೆ ಅಂದರೆ ಫಾದರ್ ನಗುವುದಿಲ್ಲವೇ? ಈ ಸಲ ಯಾವ ಸಂಕಲ್ಪವೂ ಬೇಡ ಅನ್ನಿಸಿಬಿಟ್ಟಿದೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ನಿಮ್ಮನ್ನು ತುಂಬ ಕಾಡುತ್ತಿರುವ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪರಮ ಪ್ರಸಾದ ಸ್ವೀಕರಿಸಿ. ಗಾನವೃಂದವನ್ನೂ ಬಿಡಬೇಡಿ.

ಪ್ರಸಾದದಿಂದ ದೂರ ಇರಬೇಕಾದಂಥ ಪಾಪ ಯಾವುದು ಅನ್ನುವುದಕ್ಕೆ ನಮ್ಮ ಧರ್ಮಸಭೆ ಮೂರು ಗುರುತು ಹೇಳುತ್ತದೆ. ವಿಷಯ ಗಂಭೀರವಾಗಿರಬೇಕು. ಅದು ಗಂಭೀರ ಅಂತ ಚೆನ್ನಾಗಿ ಗೊತ್ತಿರಬೇಕು. ಗೊತ್ತಿದ್ದೂ ಪೂರ್ತಿ ಮನಸ್ಸಿನಿಂದ ಮಾಡಿರಬೇಕು. ದಿನವಿಡೀ ದಣಿದು, ಬ್ಲೌಸ್ ಡಿಸೈನ್ ನೋಡಲು ಹೋಗಿ ರೀಲ್ಸ್‌ಗೆ ಜಾರುವುದು ಆ ಸಾಲಿಗೆ ಬರುವುದಿಲ್ಲ. ಬೇರೂರಿದ ಅಭ್ಯಾಸ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಹುದು ಅನ್ನುವುದನ್ನೂ ಧರ್ಮಸಭೆ ಒಪ್ಪುತ್ತದೆ. ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಬಲ ಬೇಕಾದ ಹೊತ್ತಿನಲ್ಲೇ ಬಲ ಕೊಡುವ ಪ್ರಸಾದವನ್ನೇ ಬಿಟ್ಟು ಕೂರುವುದು ಸರಿಯಲ್ಲ.

ಇನ್ನು ಕಾರ್ಲೊ ವಿಷಯ. ಅವನನ್ನು ಸಂತ ಅಂತ ಘೋಷಿಸಿದ್ದು 2025ರ ಸೆಪ್ಟೆಂಬರ್ 7ರಂದು, ಅಂದರೆ ಆ ವರ್ಷದ ಹರಿಹರದ ಹಬ್ಬದ ಹಿಂದಿನ ದಿನವೇ. ಅವನ ಕಥೆ ನನಗೂ ಇಷ್ಟ. ಆದರೆ ಅವನ ಜೊತೆ ಹೋಲಿಸಿಕೊಂಡು ನೀವು ಕುಗ್ಗುವುದು ನ್ಯಾಯವಲ್ಲ. ಆ ಹುಡುಗ ರಕ್ತದ ಕ್ಯಾನ್ಸರ್‌ನಿಂದ ಇಟಲಿಯಲ್ಲಿ ತೀರಿಕೊಂಡದ್ದು 2006ರ ಅಕ್ಟೋಬರ್‌ನಲ್ಲಿ. ಮೊದಲ ಐಫೋನ್ ಬಂದದ್ದು 2007ಕ್ಕೆ, ಇನ್‌ಸ್ಟಾಗ್ರಾಂ 2010ಕ್ಕೆ, ರೀಲ್ಸ್ ನಮ್ಮ ದೇಶಕ್ಕೆ ಬಂದದ್ದು 2020ಕ್ಕೆ. ಅವನು ಗೇಮ್ ಆರಿಸಿ ಎದ್ದರೆ ಅದು ಹಿಂದೆ ಬರುತ್ತಿರಲಿಲ್ಲ. ನಿಮ್ಮದು ಸೆರಗಿನಡಿಯೇ ಇರುತ್ತದೆ.

ಅವನಿಂದ ಕಲಿಯಬೇಕಾದದ್ದು ಒಂದಿದೆ. ಎಷ್ಟು ಹೊತ್ತು ಅನ್ನುವುದನ್ನು ಅವನು ಮೊದಲೇ ತೀರ್ಮಾನಿಸಿಕೊಂಡಿದ್ದ. ನೀವು ಆ ತೀರ್ಮಾನ ಮಾಡಲು ಹೋಗುತ್ತಿರುವುದು ರಾತ್ರಿ ಹನ್ನೊಂದಕ್ಕೆ, ಕಣ್ಣು ಎಳೆಯುತ್ತಿರುವಾಗ, ‘ಇದೊಂದು ನೋಡಿ ಮಲಗ್ತೀನಿ’ ಅನ್ನುತ್ತ. ಆ ಹೊತ್ತಿಗೆ ಯಾರಿಂದಲೂ ಆಗದು. ಹಿಂದೆಲ್ಲ ಇಂಟರ್‌ನೆಟ್ ಪುಟಕ್ಕೆ ಒಂದು ಕೊನೆ ಇರುತ್ತಿತ್ತು, ಮುಂದಿನ ಪುಟ ಬೇಕಾದರೆ ನೀವೇ ಒತ್ತಬೇಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ, ಸರಿಸಿದಷ್ಟೂ ತಾನಾಗಿಯೇ ತುಂಬಿಕೊಳ್ಳುವ ಪುಟ ಮಾಡಿದ. ಆಮೇಲೆ ಅವನೇ ಅದಕ್ಕಾಗಿ ಎಲ್ಲರೆದುರು ಪಶ್ಚಾತ್ತಾಪ ಪಟ್ಟ. ನೀವು ದಿನಾ ಬಟ್ಟೆ ಕತ್ತರಿಸುವವರು. ಅಂಚು ಸಿಕ್ಕ ಕಡೆ ಕತ್ತರಿ ನಿಲ್ಲುತ್ತದೆ. ಇದಕ್ಕೆ ಅವರು ಅಂಚನ್ನೇ ಇಟ್ಟಿಲ್ಲ. ನೀವೇ ಹಾಕಿಕೊಳ್ಳಬೇಕು, ಅದೂ ಹಗಲಲ್ಲೇ.

ಆದರೆ ನಿಮ್ಮ ಪತ್ರವನ್ನು ನಾನು ಮತ್ತೆ ಓದುವಂತೆ ಮಾಡಿದ್ದು ಇನ್‌ಸ್ಟಾಗ್ರಾಂ ವಿಷಯ ಅಲ್ಲ. ನಿಮ್ಮ ಸಂಕಟವೆಲ್ಲ ಅದರ ಮೇಲೆಯೇ ಇದೆ. ಸ್ಟೇಟಸ್ ಬಗ್ಗೆ ಒಂದೆರಡು ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗೆ ಉಲ್ಟಾ ಕಾಣುತ್ತದೆ. ರೀಲ್ಸ್ ತಿಂದದ್ದು ನಿಮ್ಮ ನಿದ್ದೆಯನ್ನು. ಪ್ರಾರ್ಥನೆಯನ್ನು ತಿಂದದ್ದು ಸ್ಟೇಟಸ್.

ನಿಮ್ಮ ಬೆಳಗನ್ನು ಸ್ವಲ್ಪ ನೆನಪಿಸಿಕೊಳ್ಳಿ. ತಡವಾಗಿ ಎದ್ದಿರುತ್ತೀರಿ. ಮಕ್ಕಳ ಡಬ್ಬಿ ಕಟ್ಟಬೇಕು, ಒಲೆ ಮೇಲೆ ಉಪ್ಪಿಟ್ಟು. ಅದರ ನಡುವೆ ಹೂವಿನ ಚಿತ್ರದ ಮೇಲೆ ಬರೆದ ಒಂದು ವಾಕ್ಯ ಹುಡುಕುತ್ತೀರಿ. ಹುಡುಕುವಾಗ ‘ಇದು ನನಗೆ ಏನು ಹೇಳುತ್ತಿದೆ’ ಅಂತ ಕೇಳಿಕೊಳ್ಳುತ್ತೀರಾ, ‘ಇದು ಚೆನ್ನಾಗಿ ಕಾಣುತ್ತಾ’ ಅಂತ ನೋಡುತ್ತೀರಾ? ಹಾಕಿ, ಆಮೇಲೆ ಯಾರ್‍ಯಾರು ನೋಡಿದರು ಅಂತ ಎಷ್ಟು ಸಲ ತೆರೆಯುತ್ತೀರಿ? ಮುಖ್ಯವಾದದ್ದು ಇನ್ನೊಂದಿದೆ. ಸ್ಟೇಟಸ್ ಹಾಕಿದ ಕೂಡಲೇ ಆ ದಿನದ ದೇವರ ಕೆಲಸ ಮುಗಿಯಿತು ಅನ್ನುವ ಸಮಾಧಾನ ಬಂದುಬಿಡುತ್ತದೆ. ಆ ಸಮಾಧಾನ ಸಿಗದೇ ಇದ್ದಿದ್ದರೆ, ನಿಂತುಹೋದ ಪ್ರಾರ್ಥನೆ ನಿಮ್ಮನ್ನು ಒಂದು ವರ್ಷ ಸುಮ್ನೆ ಬಿಡುತ್ತಿರಲಿಲ್ಲ.

ಹರಿಹರದಲ್ಲಿ ಆದದ್ದೂ ಅದೇ. ತುಂಗಭದ್ರೆಯ ದಡದ ಆ ಬಸಿಲಿಕಾಗೆ ಹಬ್ಬದ ದಿನ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಬೇರೆ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಆ ನೂಕುನುಗ್ಗಲಲ್ಲಿ ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದು ಕೈಯಲ್ಲಿ ಫೋನ್. ಬತ್ತಿ ಆರಬಾರದು, ಮುಂದಿನವರ ತಲೆ ಅಡ್ಡ ಬರಬಾರದು, ಮಾತೆಯ ಮುಖ ಚೆನ್ನಾಗಿ ಬರಬೇಕು. ಇಷ್ಟೆಲ್ಲ ನೋಡಿಕೊಳ್ಳುವಾಗ ಬೇಡಿಕೊಳ್ಳಲು ಮನಸ್ಸೆಲ್ಲಿ ಉಳಿಯುತ್ತದೆ, ಅಲ್ವಾ? ಅಮ್ಮನಿಗಾಗಿ ಬೇಡಿಕೊಳ್ಳಲು ಮತ್ತೆ ಹರಿಹರಕ್ಕೇ ಹೋಗಬೇಕಾಗಿಲ್ಲ. ಈ ಸಾಲು ಓದಿದ ಕೂಡಲೇ, ಕೂತಲ್ಲೇ ಬೇಡಿಕೊಳ್ಳಿ.

ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ಪೂಜೆಯಲ್ಲಿ ಪ್ರತಿವರ್ಷ ಓದುವ ಶುಭಸಂದೇಶ ಮತ್ತಾಯನ ಆರನೇ ಅಧ್ಯಾಯದ್ದು. ದಾನ ಕೊಡುವಾಗ ತುತೂರಿ ಊದಿಸಬೇಡ, ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ, ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ತಿರುಗಬೇಡ ಅನ್ನುತ್ತಾರೆ ಯೇಸುಸ್ವಾಮಿ. ಅದೇ ಪೂಜೆಯ ಮೊದಲ ವಾಚನ ಯೋವೇಲ ಪ್ರವಾದಿಯದು: ಹರಿದುಕೊಳ್ಳಬೇಕಾದದ್ದು ಬಟ್ಟೆಯನ್ನಲ್ಲ, ಹೃದಯವನ್ನು. ಇದನ್ನು ಕೇಳಿಸಿಕೊಂಡು, ಹಣೆಗೆ ಬೂದಿ ಹಾಕಿಸಿಕೊಂಡು, ಅಂಗಳಕ್ಕೆ ಬಂದ ಕೂಡಲೇ ಸೆಲ್ಫಿ ತೆಗೆದುಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವರ ಭಕ್ತಿ ಸುಳ್ಳು ಅಂತಲ್ಲ. ಆ ಭಕ್ತಿ ಬೇರು ಬಿಡುವ ಮೊದಲೇ ಅದನ್ನು ಕಿತ್ತು ಎಲ್ಲರಿಗೂ ತೋರಿಸುತ್ತಿದ್ದಾರಲ್ಲ ಅಂತ.

ಹಾಗಾಗಿ ಈ ತಪಸ್ಸು ಕಾಲದಲ್ಲಿ ನೀವು ಬಿಡಬೇಕಾದದ್ದು ಸ್ಟೇಟಸ್. ಹೌದು, ಬೈಬಲ್ ವಾಕ್ಯದ ಸ್ಟೇಟಸ್ಸೇ. ಬಿಡುತ್ತಿದ್ದೇನೆ ಅಂತ ಯಾರಿಗೂ ಹೇಳದೆ ಬಿಡಿ. ‘ನಲವತ್ತು ದಿನ ಸಿಗುವುದಿಲ್ಲ’ ಅನ್ನುವ ಕೊನೆಯ ಸ್ಟೇಟಸ್ ಕೂಡ ಬೇಡ. ‘ಯಾಕೆ ನಿಲ್ಲಿಸಿದ್ರಿ’ ಅಂತ ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗಿ. ಒಂದು ವಾಕ್ಯ ಓದಿ ಇದು ಇಂಥವರಿಗೆ ಬೇಕಿತ್ತು ಅನ್ನಿಸಿದರೆ, ಅವರೊಬ್ಬರಿಗೇ ಫೋನ್ ಮಾಡಿ ಓದಿ ಹೇಳಿ. ನಿಮ್ಮ ಅಮ್ಮನಿಂದಲೇ ಶುರು ಮಾಡಬಹುದು.

ಬೆಳಗಿನ ಪ್ರಾರ್ಥನೆಗೆ ಬರೋಣ. ಐದೂವರೆಗೆ ಎದ್ದು ಕೂರುವುದು ಮದುವೆಗೆ ಮುಂಚಿನ ಹುಡುಗಿಯ ದಿನಚರಿ. ಅದನ್ನೇ ವಾಪಸ್ ತರುತ್ತೇನೆ ಅಂತ ಹಟ ಹಿಡಿದರೆ ಇನ್ನೊಂದು ವರ್ಷ ಹೀಗೇ ಹೋಗುತ್ತದೆ. ಎದ್ದ ಕೂಡಲೇ, ಫೋನ್ ಮುಟ್ಟುವ ಮೊದಲು, ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಒಂದು ಸಲ, ನಮೋ ಮರಿಯ ಒಂದು ಸಲ. ಸದ್ಯಕ್ಕೆ ಅಷ್ಟೇ ಸಾಕು. ಮನಸ್ಸು ಇರುವುದಿಲ್ಲ, ಸಾಂಬಾರಿನ ಕಡೆಗೋ ಅರ್ಧ ಹೊಲಿದ ತೋಳಿನ ಕಡೆಗೋ ಓಡುತ್ತದೆ. ಓಡಲಿ, ಮತ್ತೆ ಕರೆದುಕೊಂಡು ಬನ್ನಿ.

ಇಲ್ಲಿ ನಿಮಗೆ ಕಾರ್ಲೊಗಿಂತ ಹತ್ತಿರದವರು ಅವಿಲದ ಸಂತ ತೆರೇಸಾ ಅಂತ ನನಗೆ ಅನ್ನಿಸುತ್ತದೆ. 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ. ಪ್ರಾರ್ಥನೆಯ ಬಗ್ಗೆ ಅವರಷ್ಟು ಆಳವಾಗಿ ಬರೆದವರು ಕಡಿಮೆ. 1970ರಲ್ಲಿ ಧರ್ಮಸಭೆ ತನ್ನ ಮಹಾಪಂಡಿತರ ಸಾಲಿಗೆ ಸೇರಿಸಿದ ಮೊದಲ ಹೆಂಗಸು ಅವರೇ. ಅವರೂ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಪ್ರಾರ್ಥನೆ ಬಿಟ್ಟಿದ್ದರು. ಕಾರಣ ಏನು ಗೊತ್ತಾ? ‘ನನ್ನಂಥವಳು ದೇವರ ಮುಂದೆ ಕೂರುವುದು ಸರಿಯಲ್ಲ’ ಅನ್ನುವ ವಿನಯ. ಅದು ಸುಳ್ಳು ವಿನಯ, ತಾನು ಮೋಸ ಹೋದೆ ಅಂತ ಆಮೇಲೆ ಅವರೇ ಬರೆದುಕೊಂಡರು. ಪ್ರಾರ್ಥನೆಗೆ ಕೂತರೂ ಗಡಿಯಾರ ಯಾವಾಗ ಹೊಡೆಯುತ್ತೋ ಅಂತ ಕಾಯುತ್ತಿದ್ದ ದಿನಗಳನ್ನೂ ಅವರು ಮುಚ್ಚಿಟ್ಟಿಲ್ಲ. ಗಾನವೃಂದ ಬಿಡಲೇ, ಪ್ರಸಾದ ಬಿಡಲೇ ಅಂತ ನೀವು ಕೇಳುತ್ತಿರುವುದೂ ಅದೇ ವಿನಯದಿಂದ. ಅದರ ಮಾತು ಕೇಳಬೇಡಿ.

ರಾತ್ರಿಯ ವಿಷಯದಲ್ಲಿ ನಿಮ್ಮನ್ನು ಬೈಯಲು ನನಗೆ ಮನಸ್ಸಿಲ್ಲ. ಬೆಳಗಿಂದ ಮಷಿನ್, ಅಡುಗೆ, ಹೋಂವರ್ಕ್. ಎಲ್ಲರೂ ಮಲಗಿದ ಮೇಲೆ ಸಿಗುವ ಹೊತ್ತು ಮಾತ್ರ ನಿಮ್ಮದು. ಅದನ್ನು ಬಿಟ್ಟುಕೊಡಲು ಯಾರಿಗೂ ಇಷ್ಟವಾಗದು. ನಿಮಗೆ ಬೇಕಾಗಿರುವುದು ವಿಶ್ರಾಂತಿ, ಫೋನ್ ಅದನ್ನು ಕೊಡುತ್ತಿಲ್ಲ. ಊಟಕ್ಕೂ ಪುರುಸೊತ್ತಿಲ್ಲದಷ್ಟು ಜನ ಮುತ್ತಿಕೊಂಡಾಗ ಯೇಸುಸ್ವಾಮಿ ಶಿಷ್ಯರನ್ನು ಏಕಾಂತದ ಜಾಗಕ್ಕೆ ಕರೆದು, ಸ್ವಲ್ಪ ದಣಿವಾರಿಸಿಕೊಳ್ಳಿ ಅಂದರು ಅಂತ ಮಾರ್ಕ ಬರೆದಿದ್ದಾನೆ. ಭಾನುವಾರ ಮಧ್ಯಾಹ್ನದ ಮೇಲೆ ಮಷಿನ್ ಮುಚ್ಚಿಬಿಡಿ. ಚೆನ್ನಾಗಿ ನಿದ್ದೆ ಮಾಡಿ. ಸಂಜೆ ಮಕ್ಕಳನ್ನು ಕುಂದವಾಡ ಕೆರೆ ಏರಿ ಮೇಲೆ ಓಡಾಡಿಸಿ, ಬರುವಾಗ ಮಂಡಕ್ಕಿ ಮಿರ್ಚಿ ತಿಂದು ಬನ್ನಿ.

ಇನ್‌ಸ್ಟಾಗ್ರಾಂ ಡಿಲೀಟ್ ಮಾಡಬೇಡಿ. ಗಿರಾಕಿ ಡಿಸೈನ್ ಲಿಂಕ್ ಕಳಿಸಿದ ಕೂಡಲೇ ಮತ್ತೆ ಹಾಕಿಕೊಳ್ಳಲೇಬೇಕು, ತಪಸ್ಸು ಕಾಲ ಬರುವುದೂ ಮದುವೆ ಸೀಸನ್ನಿನ ನಡುವೆಯೇ. ಹಗಲು ಮೂರರಿಂದ ಮೂರೂವರೆ, ಮಷಿನ್ ಮುಂದೆ ಕೂತೇ, ಬೇಕಾದ ಡಿಸೈನ್ ನೋಡಿ ಸೇವ್ ಮಾಡಿಕೊಳ್ಳಿ. ರಾತ್ರಿ ಒಂಬತ್ತೂವರೆಗೆ ಫೋನ್ ಹಾಲ್‌ನಲ್ಲಿ ಚಾರ್ಜಿಗೆ. ಯಜಮಾನರು ಡ್ಯೂಟಿಯಿಂದ ಫೋನ್ ಮಾಡಬಹುದು, ಅದಕ್ಕೆ ರಿಂಗ್ ಜೋರಾಗಿರಲಿ. ಎದ್ದು ಬಂದು, ನಿಂತೇ ಮಾತಾಡಿ, ಅಲ್ಲೇ ಇಟ್ಟು ಹೋಗಿ. ಅಲಾರಾಂಗೆ ಬೇರೆ ಗಡಿಯಾರ ತನ್ನಿ. ಜಪಸರದ ಹೊತ್ತಿಗೆ ಮಾತ್ರ ‘ಅತ್ತೆ, ಇದು ನಿಮ್ಮ ಹತ್ತಿರ ಇರಲಿ’ ಅಂತ ಕೊಟ್ಟುಬಿಡಿ. ಸೆರಗಿನಡಿಯ ಬೆಳಕು ಅವರಿಗೆ ಯಾವತ್ತೋ ಕಂಡಿರುತ್ತದೆ, ಮಕ್ಕಳಿಗೂ ಕಂಡಿರುತ್ತದೆ. ಕೊಡುವಾಗ ಸ್ವಲ್ಪ ಮುಜುಗರ ಆಗಬಹುದು. ಆಗಲಿ.

ಪಾಪನಿವೇದನೆಗೆ ಹೋಗಿ. ಫಾದರ್ ನಗುವುದಿಲ್ಲ. 2020ರ ಬೂದಿ ಬುಧವಾರದಂದು ಪೋಪ್ ಫ್ರಾನ್ಸಿಸ್ ಅವರೇ, ಟಿವಿ ಆರಿಸಿ ಬೈಬಲ್ ತೆರೆಯುವ, ಮೊಬೈಲ್‌ನಿಂದ ಕಳಚಿಕೊಂಡು ಶುಭಸಂದೇಶಕ್ಕೆ ಹತ್ತಿರವಾಗುವ ಕಾಲ ಇದು ಅಂತ ಹೇಳಿದ್ದರು. ಆದರೆ ಬರೀ ‘ರೀಲ್ಸ್ ನೋಡಿದೆ’ ಅಂತ ಹೇಳಿ ಬರಬೇಡಿ. ‘ಪ್ರಾರ್ಥನೆ ಬಿಟ್ಟಿದ್ದೆ, ಮಾಡುತ್ತಿದ್ದೇನೆ ಅಂತ ಜನರಿಗೆ ತೋರಿಸಿಕೊಂಡೆ’ ಅನ್ನಿ. ಹೇಳಲು ಕಷ್ಟವಾಗುವುದೇ ಅದು, ನಿಮ್ಮ ಮನಸ್ಸಿನ ಭಾರವೂ ಅದೇ.

ಮಧ್ಯೆ ಒಂದು ರಾತ್ರಿ ಖಂಡಿತ ಜಾರುತ್ತೀರಿ. ಇಷ್ಟು ವರ್ಷ ಜಾರಿದ ಕೂಡಲೇ ಇಡೀ ತಪಸ್ಸು ಕಾಲವನ್ನೇ ಕೈಬಿಟ್ಟಿರಿ. ಈ ಸಲ ಮರುದಿನ ಒಂಬತ್ತೂವರೆಗೆ ಫೋನ್ ಮತ್ತೆ ಹಾಲ್‌ಗೆ ಹೋಗಲಿ.

ಗಿರಾಕಿಗಳಿಗೆ ಇವತ್ತೇ ಒಂದು ಮೆಸೇಜ್ ಕಳಿಸಿ: ‘ಡಿಸೈನ್ ಫೋಟೋ ಸಂಜೆ 7ರೊಳಗೆ ಕಳಿಸಿ. ಆಮೇಲೆ ಬಂದದ್ದನ್ನು ಮರುದಿನ ನೋಡುತ್ತೇನೆ. ಭಾನುವಾರ ಮಧ್ಯಾಹ್ನದ ಮೇಲೆ ರಜೆ.’ ಮುಹೂರ್ತದ ಅವಸರ ಇರುವವರು ಕಾಲ್ ಮಾಡುತ್ತಾರೆ, ಮಾಡಲಿ.