ಚಳಿ ಹೊಡೆಯುವ ಮೊದಲೇ ಬ್ಯಾಟರಿ ನೋಡಿಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಯ ಬಗ್ಗೆಯೇ ಇವೆ. ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ಕಡೆ ಇರುವ ಓದುಗರು ಬರೆದಿದ್ದಾರೆ. ಬ್ಯಾಟರಿ, ಜನರೇಟರ್ ರಿಪೇರಿಯಲ್ಲೇ ವಯಸ್ಸು ಕಳೆದವನು ನಾನು. ನಾನು ಕಂಡಂತೆ, ಚಳಿಯಿಂದಲೇ ಕೆಟ್ಟ ಯಂತ್ರಗಳು ಕಡಿಮೆ. ಮೊದಲೇ ಸೊರಗಿದ್ದು ಚಳಿಯಲ್ಲಿ ಬಯಲಾಗುವುದೇ ಜಾಸ್ತಿ. ಅದಕ್ಕೇ ಕೆಲವು ಉತ್ತರ ಉದ್ದ ಆಗಿವೆ.

ಪ್ರಶ್ನೆ: ಸರ್, ನಮ್ಮ ಇನ್‌ವರ್ಟರ್ ಬೇಸಿಗೆಯಲ್ಲಿ ನಾಲ್ಕು ಗಂಟೆ ಬರುತ್ತದೆ. ಚಳಿ ಜೋರಾದಾಗ ಎರಡೂವರೆ ಗಂಟೆಗೇ ಬೀಪ್ ಅನ್ನಲು ಶುರು. ಬ್ಯಾಟರಿಗೆ ಇನ್ನೂ ಎರಡು ವರ್ಷ ಆಗಿಲ್ಲ. ಅದು ಇರುವ ಗ್ಯಾರೇಜಿನಲ್ಲಿ ರಾತ್ರಿ 0 ಡಿಗ್ರಿ ಆಗುತ್ತದೆ. ಬ್ಯಾಟರಿ ಹೋಯಿತೇ?

ಹೋಯಿತು ಅಂತ ಈಗಲೇ ತೀರ್ಮಾನ ಮಾಡಬೇಡಿ. ಲೆಡ್ ಆಸಿಡ್ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿ ಏರಿದಷ್ಟೂ ನಿಧಾನ ಆಗುತ್ತದೆ. ಬ್ಯಾಟರಿಯ ಮೇಲೆ ಬರೆದಿರುವ ಆಂಪಿಯರ್ ಅವರ್ ಸುಮಾರು 25 ಡಿಗ್ರಿಯ ಲೆಕ್ಕ. 0 ಡಿಗ್ರಿಯಲ್ಲಿ ಅದರ ಶೇ 80ರಷ್ಟು ಸಿಗುತ್ತದೆ, ಮೈನಸ್ 18ರಲ್ಲಿ ಹೆಚ್ಚುಕಮ್ಮಿ ಅರ್ಧ. ಬೆಚ್ಚಗಾದರೆ ಮತ್ತೆ ವಾಪಸ್ ಬರುತ್ತದೆ.

ಆದರೆ ನಿಮ್ಮ ಲೆಕ್ಕವನ್ನೇ ನೋಡಿ. ನಾಲ್ಕು ಗಂಟೆಯಲ್ಲಿ ಶೇ 20 ಕಳೆದರೂ ಮೂರು ಗಂಟೆಯ ಮೇಲೆ ಬರಬೇಕಿತ್ತು, ಅಲ್ವಾ? ಉಳಿದದ್ದು ಎಲ್ಲಿ ಹೋಯಿತು? ನನ್ನ ಅನುಮಾನ ಚಾರ್ಜಿಂಗ್ ಮೇಲೆ. ತಣ್ಣಗಿನ ಬ್ಯಾಟರಿ ತುಂಬಲು ಜಾಸ್ತಿ ವೋಲ್ಟೇಜ್ ಬೇಕು. 12 ವೋಲ್ಟಿನ ಬ್ಯಾಟರಿಗೆ ಒಂದೊಂದು ಡಿಗ್ರಿ ಇಳಿದಾಗಲೂ ಸುಮಾರು 0.024 ವೋಲ್ಟ್ ಏರಿಸಬೇಕು. 25 ಡಿಗ್ರಿಯಲ್ಲಿ 14.4 ವೋಲ್ಟ್ ಸಾಕಾಗುವ ಬ್ಯಾಟರಿಗೆ 0 ಡಿಗ್ರಿಯಲ್ಲಿ 15 ವೋಲ್ಟ್ ಬೇಕು ಅಂತಾಯಿತು. ಚಾರ್ಜರ್ 14.4ಕ್ಕೇ ನಿಲ್ಲಿಸಿದರೆ ದೀಪ ಹಸಿರಾಗುತ್ತದೆ, ಬ್ಯಾಟರಿ ಮಾತ್ರ ತುಂಬಿರುವುದಿಲ್ಲ. ಒಳ್ಳೆಯ ಚಾರ್ಜರಿನ ಜೊತೆ ಒಂದು ಸಣ್ಣ ವೈರು ಬರುತ್ತದೆ. ಅದರ ತುದಿಯಲ್ಲಿ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತದೆ. ಅದನ್ನು ಬ್ಯಾಟರಿಗೇ ಅಂಟಿಸಬೇಕು. ಎಷ್ಟೋ ಕಡೆ ಅದು ಪ್ಯಾಕೆಟ್ಟಿನಲ್ಲೇ ಉಳಿದಿರುವುದನ್ನು ಕಂಡಿದ್ದೇನೆ. ಇಲ್ಲವೇ ಬೆಚ್ಚಗಿನ ಗೋಡೆಯ ಮೇಲೆ ನೇತಾಡುತ್ತಿರುತ್ತದೆ. ನಿಮ್ಮದು ಎಲ್ಲಿದೆ ಹುಡುಕಿ. ಸೀಲ್ ಆಗಿರುವ ಬ್ಯಾಟರಿಯಾದರೆ ಕಂಪನಿ ಹೇಳಿದ ವೋಲ್ಟೇಜ್ ಮಿತಿ ದಾಟಬೇಡಿ.

ಆಮೇಲೆ ಹೈಡ್ರೋಮೀಟರ್ ತಂದು ಗ್ರಾವಿಟಿ ನೋಡಿ, ಅಂದರೆ ಒಳಗಿನ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ. ಪೂರ್ತಿ ಚಾರ್ಜ್ ಆದ ಸಾಮಾನ್ಯ ಬ್ಯಾಟರಿಯಲ್ಲಿ 1.265ರ ಆಸುಪಾಸು ಇರುತ್ತದೆ, ಇನ್‌ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿಯಲ್ಲಿ 1.240ರ ಹತ್ತಿರ. ಆರು ಸೆಲ್ಲನ್ನೂ ಬೇರೆಬೇರೆ ನೋಡಬೇಕು. ಐದು ಸರಿಯಿದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಸೆಲ್ ಹೋಗಿದೆ ಅಂತಲೇ ಅರ್ಥ.

ಈ ಗ್ರಾವಿಟಿ ವಿಷಯವನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ತುಂಬಿದ ಬ್ಯಾಟರಿಯ ಆಸಿಡ್ ಮೈನಸ್ 40ರಲ್ಲೂ ಹೆಪ್ಪುಗಟ್ಟಲ್ಲ. ಖಾಲಿಯಾಗಿ 1.120ಕ್ಕೆ ಇಳಿದಿದ್ದರೆ ಮೈನಸ್ 10ಕ್ಕೇ ಹೆಪ್ಪುಗಟ್ಟುತ್ತದೆ. ಅದೇ ಬ್ಯಾಟರಿ, ಅದೇ ಚಳಿ. ಹಾಗೆ ಹೆಪ್ಪುಗಟ್ಟಿದ್ದೊಂದನ್ನು ನನ್ನ ಮೇಜಿನ ಮೇಲೆ ತಂದಿಟ್ಟಿದ್ದರು. ಎರಡೂ ಪಕ್ಕ ಉಬ್ಬಿ ಮೇಜಿನ ಮೇಲೆ ಸಮನಾಗಿ ಕೂರುತ್ತಿರಲಿಲ್ಲ. ಮುಚ್ಚಳದ ಅಂಚಿನಲ್ಲಿ ಉದ್ದಕ್ಕೂ ಸಣ್ಣ ಬಿರುಕು. ನೀರು ಹಾಕುವ ಬಿರಡೆ ತಿರುಗಿಸಿ ಟಾರ್ಚ್ ಬಿಟ್ಟರೆ ಪ್ಲೇಟುಗಳ ಮೇಲೆ ಬೆಳ್ಳಗೆ ಮಂಜುಗಡ್ಡೆ. ತಂದವರು ಸ್ವಲ್ಪ ಚಾರ್ಜ್ ಹಾಕಿ ನೋಡಿ ಅಂದರು. ಖಂಡಿತ ಹಾಕಬಾರದು. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಒಡೆದು ಆಸಿಡ್ ಸಿಡಿಯಬಹುದು. ಉಬ್ಬಿದ್ದು, ಬಿರುಕು ಬಿಟ್ಟಿದ್ದು ಕಂಡರೆ ಅದನ್ನು ಮತ್ತೆ ಬಳಸುವ ಆಸೆ ಬಿಡಿ.

ಡಿಸ್ಟಿಲ್ಡ್ ವಾಟರ್ ಹಾಕುವುದರಲ್ಲೂ ಒಂದು ಸೂಕ್ಷ್ಮ ಇದೆ. ನೀರು ಆಸಿಡ್‌ಗಿಂತ ಹಗುರ, ಸುಮ್ನೆ ಮೇಲೆ ನಿಲ್ಲುತ್ತದೆ. ರಾತ್ರಿ ನೀರು ಹಾಕಿ ಹಾಗೇ ಬಿಟ್ಟರೆ ಆ ಪದರವೇ ಗಡ್ಡೆ ಕಟ್ಟಬಹುದು. ಹಾಕಿದ ಮೇಲೆ ಸ್ವಲ್ಪ ಹೊತ್ತಾದರೂ ಚಾರ್ಜ್ ಆಗಲಿ, ಗುಳ್ಳೆ ಎದ್ದು ಬೆರೆಯುತ್ತದೆ. ಬ್ಯಾಟರಿಯ ಕೆಳಗೆ, ಸುತ್ತ ಥರ್ಮಾಕೋಲ್ ಹಾಳೆ ಇಡಬಹುದು. ಮೇಲ್ಭಾಗ ಮಾತ್ರ ಮುಚ್ಚಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದು ಹೊರಗೆ ಹೋಗಲೇಬೇಕು.

ಪ್ರಶ್ನೆ: ಲಿಥಿಯಂ ಹಾಕಿಸಿಬಿಟ್ಟರೆ ಚಳಿಯ ತಲೆನೋವೇ ಇಲ್ಲ ಅನ್ನುತ್ತಾರೆ. ನಿಜವೇ?

ಅರ್ಧ ನಿಜ. ಮನೆಗಳಿಗೆ ಹೆಚ್ಚಾಗಿ ಬರುವುದು ಲಿಥಿಯಂ ಐರನ್ ಫಾಸ್ಫೇಟ್. ಇದರಲ್ಲಿ ಸಾಮಾನ್ಯವಾಗಿ ಮೈನಸ್ 20ರವರೆಗೂ ಕರೆಂಟ್ ತೆಗೆಯಬಹುದು. ತುಂಬಿಸುವುದಕ್ಕೆ ಮಾತ್ರ 0 ಡಿಗ್ರಿಗಿಂತ ಮೇಲಿರಬೇಕು. ಅದಕ್ಕಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರುವ ಬದಲು ಎಲೆಕ್ಟ್ರೋಡಿನ ಮೇಲೆ ಲೋಹವಾಗಿ ಕೂರುತ್ತದೆ. ಆ ನಷ್ಟ ವಾಪಸ್ ಬರಲ್ಲ, ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಅದಕ್ಕೇ ಒಳ್ಳೆಯ ಬ್ಯಾಟರಿಯ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್, ಚಳಿಯಲ್ಲಿ ಚಾರ್ಜ್ ತಗೊಳ್ಳುವುದನ್ನೇ ನಿಲ್ಲಿಸುತ್ತದೆ.

ಇದು ಗೊತ್ತಿಲ್ಲದಿದ್ದರೆ ಗಾಬರಿ ಆಗುತ್ತದೆ. ರಾತ್ರಿಯೆಲ್ಲ ಕರೆಂಟಿಲ್ಲ, ಬ್ಯಾಟರಿ ಖಾಲಿ. ಬೆಳಗ್ಗೆ ಕರೆಂಟ್ ಬಂದರೂ ಬ್ಯಾಟರಿ ಏರುತ್ತಲೇ ಇಲ್ಲ. ಅದು ಕೆಟ್ಟಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಕೊಳ್ಳುವಾಗ ಎರಡು ಕೇಳಿ: ಚಳಿಗೆ ಚಾರ್ಜ್ ಕಟ್ ಮಾಡುವ ವ್ಯವಸ್ಥೆ ಇದೆಯೇ, ಒಳಗೆ ಹೀಟರ್ ಇದೆಯೇ. ಮೊದಲನೆಯದು ಇಲ್ಲದ್ದನ್ನು ಚಳಿ ಜಾಗಕ್ಕೆ ತರಬೇಡಿ. ಮನೆಯೊಳಗೆ, 10 ಡಿಗ್ರಿಗಿಂತ ಕೆಳಗಿಳಿಯದ ಕಡೆ ಇಡಲು ಜಾಗ ಇದ್ದರೆ ಹೀಟರ್ ಬೇಕಾಗಿಲ್ಲ.

ಪ್ರಶ್ನೆ: ಮೈನಸ್ 12 ಇದ್ದ ಬೆಳಗ್ಗೆ ಡೀಸೆಲ್ ಜನರೇಟರಿಗೆ ಸೆಲ್ಫ್ ಹೊಡೆದೆ. ಭಾರವಾಗಿ ತಿರುಗಿ ಹೇಗೋ ಸ್ಟಾರ್ಟ್ ಆಯಿತು. ಎರಡು ನಿಮಿಷಕ್ಕೇ ನಿಂತುಹೋಯಿತು. ಡೀಸೆಲ್ ಬೇಕಾದಷ್ಟಿದೆ, ಬೇಸಿಗೆಯಲ್ಲೇ ಟ್ಯಾಂಕ್ ತುಂಬಿಸಿದ್ದೆ.

ಕಾರಣ ನಿಮ್ಮ ಕೊನೆಯ ಮಾತಿನಲ್ಲೇ ಇದೆ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ. ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ ಅದೂ ಚಳಿಗೆ ಹರಳುಗಟ್ಟುತ್ತದೆ. ಮೊದಲು ಡೀಸೆಲ್ ಮಬ್ಬಾಗುತ್ತದೆ, ಆಮೇಲೆ ಹರಳುಗಳು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಪೈಪು, ಫಿಲ್ಟರಿನಲ್ಲಿ ಇದ್ದಷ್ಟು ಡೀಸೆಲ್‌ಗೆ ಎಂಜಿನ್ ಓಡುತ್ತದೆ, ಹಿಂದಿನಿಂದ ಬರದೆ ನಿಲ್ಲುತ್ತದೆ. ಫಿಲ್ಟರ್ ಬಿಚ್ಚಿ ನೋಡಿ, ಕಾಗದದ ಮಡಿಕೆಗಳ ನಡುವೆ ಬಿಳಿಚಿದ ಮೇಣ ಕಾಣುತ್ತದೆ.

ಚಳಿಗಾಲದ ಡೀಸೆಲ್ ಅಂತಲೇ ಬೇರೆ ಸಿಗುತ್ತದೆ. ಬೇಸಿಗೆಯದು ಮುಗಿಯುವಂತೆ ಓಡಿಸಿ ಅದನ್ನು ತುಂಬಿಸಿ. ಗಟ್ಟಿಯಾಗದಂತೆ ಬೆರೆಸುವ ದ್ರವವೂ ಇದೆ, ಆದರೆ ಡೀಸೆಲ್ ಮಬ್ಬಾಗುವ ಮೊದಲೇ ಹಾಕಬೇಕು. ಬಯೋಡೀಸೆಲ್ ಜಾಸ್ತಿ ಬೆರೆತಿದ್ದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ಒಳಗೋಡೆಯಲ್ಲಿ ತೇವ ಕೂತು ನೀರಾಗಿ ಕೆಳಗಿಳಿಯುತ್ತದೆ. ಆ ನೀರೂ ಫಿಲ್ಟರಿನಲ್ಲಿ ಗಡ್ಡೆ ಕಟ್ಟುತ್ತದೆ. ವಾಟರ್ ಸೆಪರೇಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಸಿಯುವುದನ್ನು ಚಳಿಗೆ ಮೊದಲೇ ಮಾಡಿ. ಈಗ ಸಿಕ್ಕಿಕೊಂಡಿರುವ ಫಿಲ್ಟರ್ ಬದಲಿಸಿ, ಜಾಗ ಬೆಚ್ಚಗಾಗಲು ಬಿಡಿ. ಟ್ಯಾಂಕಿನ ಕೆಳಗೆ ಬೆಂಕಿ ಹಿಡಿಯುವವರಿದ್ದಾರೆ. ಬೇಡ, ಪ್ರಾಣಕ್ಕೇ ಅಪಾಯ.

ಭಾರವಾಗಿ ತಿರುಗಿದ್ದು ಬೇರೆ ತೊಂದರೆ. ಚಳಿಯಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರಿಗೆ ಜಾಸ್ತಿ ಶಕ್ತಿ ಬೇಕು. ಬ್ಯಾಟರಿ ಅದೇ ಹೊತ್ತಿನಲ್ಲಿ ಕಡಿಮೆ ಕೊಡುತ್ತದೆ. ಡಬ್ಬಿಯ ಮೇಲಿನ 15ಡಬ್ಲ್ಯು, 5ಡಬ್ಲ್ಯು ನೋಡಿ. ಸ್ಟಾರ್ಟ್ ಆಗುವಾಗ ಆಯಿಲ್ ಎಷ್ಟು ಗಟ್ಟಿ ಅಂತ 15ಡಬ್ಲ್ಯುವನ್ನು ಪರೀಕ್ಷಿಸುವುದು ಮೈನಸ್ 20ರಲ್ಲಿ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ. ಎಂಜಿನ್ ಕೈಪಿಡಿ ಒಪ್ಪುವುದಾದರೆ ಚಳಿಗೆ 5ಡಬ್ಲ್ಯು-40 ಹಾಕಿಸಿ. ಬ್ಯಾಟರಿ ಕೊಳ್ಳುವಾಗ ಸಿಸಿಎ ಅಂಕಿ ನೋಡಿ. ಮೈನಸ್ 18ರಲ್ಲಿ 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವ ಲೆಕ್ಕ ಅದು. ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದ್ದು ಬ್ಲಾಕ್ ಹೀಟರಿಗೆ. ರಾತ್ರಿಯಿಡೀ ಕೂಲೆಂಟ್ ಬೆಚ್ಚಗಿಟ್ಟರೆ ಎಂಜಿನ್ ಸಲೀಸಾಗಿ ಎದ್ದೇಳುತ್ತದೆ, ಸವೆತವೂ ಕಡಿಮೆ.

ಕೂಲೆಂಟ್ ವಿಷಯದಲ್ಲಿ ಜಾಸ್ತಿ ಹಾಕಿದರೆ ಒಳ್ಳೆಯದು ಅಂದುಕೊಳ್ಳಬೇಡಿ. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಸಮ ಬೆರೆಸಿದರೆ ಮೈನಸ್ 37ರವರೆಗೆ ತಡೆಯುತ್ತದೆ. ನೀರಿಲ್ಲದ ಬರೀ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ಸೋಲಾರ್ ಪ್ಯಾನೆಲ್‌ಗೆ ಚಳಿ ಒಳ್ಳೆಯದಂತೆ. ಹಾಗಾದರೆ ಅಲ್ಲಿ ಏನೂ ನೋಡಬೇಕಾಗಿಲ್ಲ ತಾನೇ?

ಪ್ಯಾನೆಲ್‌ಗೆ ಒಳ್ಳೆಯದೇ, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರಿಗೆ ಅಲ್ಲ. ಒಂದು ಡಿಗ್ರಿ ಇಳಿದರೆ ಪ್ಯಾನೆಲ್ ವೋಲ್ಟೇಜ್ ಸುಮಾರು ಶೇ 0.3 ಏರುತ್ತದೆ. ಲೋಡ್ ಇಲ್ಲದಾಗ 49 ವೋಲ್ಟ್ ಬರುವ ಮೂರು ಪ್ಯಾನೆಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿದ್ದರೆ 25 ಡಿಗ್ರಿಯಲ್ಲಿ 147 ವೋಲ್ಟ್. ಕಂಟ್ರೋಲರ್ 150 ವೋಲ್ಟಿನದು, ಸರಿಯಾಗಿದೆ ಅನ್ನಿಸುತ್ತದೆ. ಮೈನಸ್ 10ರ ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಅದು 162ಕ್ಕೆ ಹೋಗುತ್ತದೆ, ಕಂಟ್ರೋಲರ್ ಸುಡುತ್ತದೆ. ನಿಮ್ಮ ಕಡೆಯ ಅತಿ ಕಡಿಮೆ ಉಷ್ಣತೆ ಹಿಡಿದು ಈ ಲೆಕ್ಕ ಈಗಲೇ ಮಾಡಿ. ಹಿಮ ಕೂತರೆ ಮೆತ್ತನೆಯ ಬ್ರಷ್ಷಿನಿಂದ ತಳ್ಳಿ, ಬಿಸಿನೀರು ಸುರಿಯಬೇಡಿ.

ಪ್ರಶ್ನೆ: ಹೊರಗೆ ಹಿಮ ಬೀಳುವಾಗ ಸಣ್ಣ ಪೆಟ್ರೋಲ್ ಜನರೇಟರನ್ನು ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟು ಓಡಿಸಬಹುದೇ?

ಬೇಡ. ಬಾಗಿಲು ಪೂರ್ತಿ ತೆರೆದಿದ್ದರೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ ಬಂದು ಅದೇನು ಅಂತ ಯೋಚಿಸುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಚಳಿಗೆ ಲಕ್ಷಾಂತರ ಮನೆಗಳ ಕರೆಂಟ್ ಹೋದಾಗ ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಚಳಿಗೆ ಸತ್ತವರ ಜೊತೆ ಈ ವಿಷಗಾಳಿಗೆ ಸತ್ತವರೂ ಅದರಲ್ಲಿದ್ದರು. ಓದುವಾಗಲೆಲ್ಲ ಸಂಕಟ ಆಗುತ್ತದೆ, ತಪ್ಪಿಸಬಹುದಾಗಿದ್ದ ಸಾವುಗಳು.

ಜನರೇಟರ್ ಕಿಟಕಿ, ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ ಇರಲಿ, ಹೊಗೆ ಮನೆಯ ಕಡೆ ತಿರುಗದಿರಲಿ. ಮೇಲೊಂದು ಸೂರು ಇರಲಿ, ನಾಲ್ಕೂ ಕಡೆ ಗಾಳಿಯಾಡುವ ಹಾಗೆ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ.

ಪ್ರಶ್ನೆ: ಎಲ್ಲ ಸರಿಯಿದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಚಳಿ ಶುರುವಾದ ಮೇಲೆ ಒಂದು ಬೆಳಗಿನ ಜಾವ ಎದ್ದು ಮೇನ್ ಸ್ವಿಚ್ ಆಫ್ ಮಾಡಿ. ಮಧ್ಯಾಹ್ನ ಬೇಡ, ಎಂಜಿನ್, ಬ್ಯಾಟರಿ ರಾತ್ರಿಯ ಚಳಿ ಕುಡಿದಿರಬೇಕು. ಮನೆಯನ್ನು ಹೊರಗಿನ ಲೈನಿನಿಂದ ಬಿಡಿಸಿ ಜನರೇಟರಿಗೆ ಕೊಡುವ ಚೇಂಜ್‌ಓವರ್ ಸ್ವಿಚ್ ತಿರುಗಿಸಿಯೇ ಜನರೇಟರ್ ಜೋಡಿಸಿ. ಪ್ಲಗ್ಗಿನ ಮೂಲಕ ಗೋಡೆಯ ಸಾಕೆಟ್ಟಿಗೆ ಕರೆಂಟ್ ಹಿಂದಕ್ಕೆ ಕೊಟ್ಟರೆ ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ. ಲೋಡ್ ಇಲ್ಲದೆ ಸುಮ್ನೆ ಓಡಿಸಿದರೆ ಡೀಸೆಲ್ ಎಂಜಿನ್‌ನಲ್ಲಿ ಮಸಿ, ಎಣ್ಣೆ ಕೂರುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ, ಕನಿಷ್ಠ ಶೇ 30 ಲೋಡಿನಲ್ಲಿ ಓಡಿಸಿ. ಗ್ಯಾಸಿನಿಂದ ಮನೆ ಬೆಚ್ಚಗಿಡುವವರು ಆ ಬಾಯ್ಲರಿನ ಪಂಪು, ಫ್ಯಾನಿಗೂ ಕರೆಂಟ್ ಬೇಕು ಅನ್ನುವುದನ್ನು ಮರೆಯುತ್ತಾರೆ. ಅದು ಬ್ಯಾಕಪ್ ಲೈನಿನಲ್ಲಿ ಇದೆಯೇ ಅಂತ ಆ ಬೆಳಗ್ಗೆಯೇ ಗೊತ್ತಾಗುತ್ತದೆ.

ಏನಾದರೂ ಅನುಮಾನ ಬಂದರೆ ಬರೆಯಿರಿ. ಆರು ಸೆಲ್‌ಗಳ ಗ್ರಾವಿಟಿ, ಬ್ಯಾಟರಿ ಇರುವ ಜಾಗದ ಉಷ್ಣತೆ, ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯಿತು, ಇಷ್ಟು ತಿಳಿಸಿದರೆ ನನಗೆ ಉತ್ತರ ಕೊಡಲು ಸುಲಭ.