ಚಿಕ್ಕಮಗಳೂರಿನ ಒತ್ತು ಎಲ್ಲಿ ಹೋಯಿತು?

ಓದುಗರ ಪ್ರಶ್ನೆಗಳಿಗೆ ಉತ್ತರ

ಬಿಡುವಿದ್ದಾಗ ವರ್ಡ್‌ಪ್ರೆಸ್‌ಗೆ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತೇನೆ ಅಂತ ಹೋದ ಸಲ ಒಂದು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಅದರ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ವರ್ಡ್‌ಪ್ರೆಸ್ ಅಂದರೆ ವೆಬ್‌ಸೈಟ್ ಕಟ್ಟುವ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು, ಬದಲಿಸಬಹುದು, ಹಂಚಬಹುದು. ಇಂಥದ್ದಕ್ಕೆ ಓಪನ್ ಸೋರ್ಸ್ ಅನ್ನುತ್ತಾರೆ. ಇನ್ನು ನಾನು, ಹಾಸನದ ಬಿ.ಎಂ. ರಸ್ತೆ ಹತ್ತಿರ ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡವಳು. ಲಗ್ನಪತ್ರಿಕೆ, ಕರಪತ್ರ, ಜೊತೆಗೆ ಹೋಂಸ್ಟೇಗಳ ವೆಬ್‌ಸೈಟ್ ಮಾಡಿಕೊಡುತ್ತೇನೆ.

ಮೇಡಂ, ನಾನು ಕೊನೇ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಕೋಡಿಂಗ್ ಒಂದಕ್ಷರ ಬರೋದಿಲ್ಲ. ಅಲ್ಲಿ ನನ್ನಂಥವಳಿಗೆ ಏನು ಕೆಲಸ ಇರುತ್ತೆ?
— ವಿದ್ಯಾರ್ಥಿನಿ, ಅರಸೀಕೆರೆ

ನಾನು ಸೇರಿದಾಗ ನನಗೂ ಬರುತ್ತಿರಲಿಲ್ಲ, ತಂಗಿ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಒಂದು ಒತ್ತಕ್ಷರ.

ಒಂದು ಹೋಂಸ್ಟೇಗೆ ಕನ್ನಡದಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮಾರನೇ ದಿನ ಯಜಮಾನರು ಫೋನ್ ಮಾಡಿದರು. "ಏನಮ್ಮ, ನಮ್ಮೂರ ಹೆಸರೇ ತಪ್ಪಾಗಿದೆಯಲ್ಲ" ಅಂದರು. ಟೈಪ್ ಮಾಡಿದ್ದನ್ನು ಮೂರು ಸಲ ನೋಡಿದೆ. ಸರಿಯಾಗಿಯೇ ಇತ್ತು. ಕೊನೆಗೆ ಅವರ ಫೋನನ್ನೇ ತರಿಸಿ ನೋಡಿದೆ. ಬಟನ್ ಮೇಲೆ 'ಚಿಕಮಗಳೂರು' ಅಂತಿದೆ! ಕ ಅಕ್ಷರದ ಕೆಳಗಿನ ಒತ್ತನ್ನು ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಹೋಗಿಬಿಟ್ಟಿದೆ.

ಕಾರಣ ಸಣ್ಣದು. ಆ ವೆಬ್‌ಸೈಟಿಗೆ ನಾನು ಬಳಸಿದ್ದು ವರ್ಡ್‌ಪ್ರೆಸ್‌ಗೆ ಅಂತ ಬೇರೆಯವರು ಮಾಡಿಟ್ಟ ಸಿದ್ಧ ವಿನ್ಯಾಸ. ಅದನ್ನು ಮಾಡಿದವರು ಬಟನ್‌ನ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿಕೊಂಡು ಇಟ್ಟಿದ್ದರು. ಇಂಗ್ಲಿಷಿನಲ್ಲಿ ಗೆರೆಯಿಂದ ಕೆಳಗೆ ಇಳಿಯುವುದು ಜಿ, ವೈ ಥರದ ಕೆಲವು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಇನ್ನೊಂದು ಅಕ್ಷರವೇ ಕೆಳಗೆ ಬಂದು ಕೂರುತ್ತದೆ. ಅದಕ್ಕೆ ಜಾಗ ಇರಲಿಲ್ಲ. ಹೊರಗೆ ಚಾಚಿದ್ದನ್ನು ಮರೆಮಾಡು ಅಂತಲೂ ಕೋಡಿನಲ್ಲಿ ಬರೆದಿತ್ತು. ಅವರಿಗೆ ಕನ್ನಡ ಗೊತ್ತಿಲ್ಲ. ಗೊತ್ತಿಲ್ಲದವರ ಕಣ್ಣಿಗೆ ಈ ತಪ್ಪು ಕಾಣುವುದಾದರೂ ಹೇಗೆ?

ಅವರಿಗೆ ನಾನು ಬರೆದ ಮೊದಲ ದೂರು ಒಂದೇ ಸಾಲು: ಕನ್ನಡ ಸರಿಯಾಗಿ ಬರುತ್ತಿಲ್ಲ, ಸರಿ ಮಾಡಿ. ಅದಕ್ಕೆ ಉತ್ತರವಾಗಿ ಪ್ರಶ್ನೆಗಳೇ ಬಂದವು. ಯಾವ ಫೋನ್, ಯಾವ ಬ್ರೌಸರ್, ಯಾವ ಆವೃತ್ತಿ, ಏನು ಒತ್ತಿದಿರಿ, ಏನು ಕಾಣಬೇಕಿತ್ತು, ಏನು ಕಂಡಿತು? ಆಗ ಬುದ್ಧಿ ಬಂತು. ಎರಡು ಸ್ಕ್ರೀನ್‌ಶಾಟ್ ತೆಗೆದೆ. ಒಂದರಲ್ಲಿ ಸರಿಯಾದ 'ಕ್ಕ', ಇನ್ನೊಂದರಲ್ಲಿ ಒತ್ತು ಹೋದದ್ದು. ಕೆಂಪು ಬಣ್ಣದಲ್ಲಿ ಸುತ್ತು ಹಾಕಿ, "ಈ ಗುರುತು ಅಕ್ಷರದ ಭಾಗ, ಅಲಂಕಾರ ಅಲ್ಲ, ಇದಿಲ್ಲದಿದ್ದರೆ ಊರಿನ ಹೆಸರೇ ಬದಲಾಗುತ್ತದೆ" ಅಂತ ಬರೆದೆ. ಮುಂದಿನ ಆವೃತ್ತಿಯಲ್ಲಿ ಸರಿಯಾಗಿ ಬಂತು. ಒಂದೇ ಒಂದು ಅಂಕಿ ಬದಲಾಯಿಸಿದ್ದರು, ಅಷ್ಟೇ. ಆ ವಿನ್ಯಾಸ ಬಳಸುವ ತೆಲುಗಿನವರಿಗೂ ಅದರಿಂದ ಉಪಯೋಗ ಆಗಿರಬೇಕು, ಅವರ ಒತ್ತೂ ಕೆಳಗೇ ತಾನೇ ಬರೋದು.

ನಿಮ್ಮ ಕೆಲಸ ಅಲ್ಲಿಂದಲೇ ಶುರು ಮಾಡಿ. ನೀವು ದಿನಾ ಬಳಸುವ ಒಂದು ಜಾಲತಾಣವನ್ನು ಕನ್ನಡದಲ್ಲಿ ತೆರೆದು ನಿಧಾನವಾಗಿ ನೋಡಿ. ಎಲ್ಲಿ ಎಡವುತ್ತೀರೋ ಅದನ್ನು ಬರೆದಿಡಿ.

ಆಮೇಲೆ ಅನುವಾದ. ವರ್ಡ್‌ಪ್ರೆಸ್‌ಗೆ ಅನುವಾದಕ್ಕೆ ಅಂತಲೇ ಬೇರೆ ಜಾಗ ಇದೆ. ಖಾತೆ ತೆರೆದು, ಕನ್ನಡ ಆರಿಸಿಕೊಂಡು, ಒಂದೊಂದೇ ಸಾಲಿಗೆ ಕನ್ನಡ ಸೂಚಿಸಬಹುದು. ಹಳಬರೊಬ್ಬರು ನೋಡಿ ಒಪ್ಪಿದ ಮೇಲೆ ಅದು ಎಲ್ಲರಿಗೂ ಹೋಗುತ್ತದೆ. ಸುಲಭ ಅನ್ನಿಸುತ್ತೆ, ಅಲ್ವಾ? ಒಂದು ಉದಾಹರಣೆ ನೋಡಿ. ನಕಾಶೆ ತೋರಿಸುವ ಒಂದು ಪ್ಲಗಿನ್‌ನಲ್ಲಿ (ವರ್ಡ್‌ಪ್ರೆಸ್‌ಗೆ ಜೋಡಿಸುವ ಸಣ್ಣ ತಂತ್ರಾಂಶ) 'ಇಂಥ ಊರಿಗೆ ದಾರಿ' ಅನ್ನುವ ಸಾಲು ಬಂತು. ಊರಿನ ಹೆಸರು ಬಂದು ಕೂರುವ ಕಡೆ ಶೇಕಡಾ ಗುರುತು ಮತ್ತು ಎಸ್ ಅಕ್ಷರ ಇಟ್ಟಿರುತ್ತಾರೆ. ನಾನು ಅದರ ಮುಂದೆ 'ಗೆ' ಸೇರಿಸಿದೆ. 'ಅರಸೀಕೆರೆಗೆ ದಾರಿ' ಚೆನ್ನಾಗಿಯೇ ಬಂತು. ಆದರೆ 'ಹಾಸನಗೆ ದಾರಿ', 'ಬೇಲೂರುಗೆ ದಾರಿ'? ನಮ್ಮ ಬಾಯಲ್ಲಿ ಹಾಸನಕ್ಕೆ, ಬೇಲೂರಿಗೆ. ಯಂತ್ರಕ್ಕೆ ಇದು ತಿಳಿಯೋದಿಲ್ಲ. ಒಂದು ಸಂಜೆ ಪೂರ್ತಿ ಯೋಚಿಸಿ 'ದಾರಿ:' ಅಂತ ಬರೆದು ಮುಂದೆ ಊರಿನ ಹೆಸರು ಬಿಟ್ಟೆ. ಪ್ರತ್ಯಯವೇ ಬೇಕಾಗಲಿಲ್ಲ. ಇಂಥ ಸೂಕ್ಷ್ಮ ಹೊಳೆಯೋದು ಮನೆಯಲ್ಲಿ ಕನ್ನಡ ಆಡುವವರಿಗೆ. ಅದು ನಿಮಗಿದೆ.

ಒಂದು ಎಚ್ಚರಿಕೆ. ಯಂತ್ರದಿಂದ ಅನುವಾದ ಮಾಡಿಸಿ ರಾಶಿ ಹಾಕಬೇಡಿ. ಮೊದಲ ತಿಂಗಳು ನಾನು ಹಾಗೆ ಮಾಡಿದೆ. ಬ್ಲಾಗಿನ ಬರಹಕ್ಕೆ ಇಂಗ್ಲಿಷಿನಲ್ಲಿ 'ಪೋಸ್ಟ್' ಅನ್ನುತ್ತಾರೆ, ಅದು 'ಅಂಚೆ' ಅಂತ ಬಂದಿದ್ದನ್ನು ನೋಡದೇ ಕಳಿಸಿದ್ದೆ. ನೋಡುವವರೊಬ್ಬರು ಎಲ್ಲವನ್ನೂ ವಾಪಸ್ ಕಳಿಸಿದರು. ಅವರೂ ನನ್ನ ಹಾಗೆ ಬಿಡುವಿನಲ್ಲಿ ಕೂತು ಕೆಲಸ ಮಾಡುವವರು. ಅವರ ಎರಡು ರಾತ್ರಿ ನನ್ನಿಂದ ಹಾಳಾಯಿತು ಅನ್ನೋದು ಇವತ್ತಿಗೂ ನನಗೆ ಬೇಜಾರು.

ಮಗ ಇಂಜಿನಿಯರಿಂಗ್ ಓದುತ್ತಾನೆ. ರಾತ್ರಿ ಹನ್ನೆರಡರವರೆಗೆ ಈ ವರ್ಡ್‌ಪ್ರೆಸ್‌ಗೆ ಪುಕ್ಕಟೆ ಕೆಲಸ ಮಾಡುತ್ತಾನೆ. ಕಂಪನಿಗಳು ಅದರಿಂದ ಕೋಟಿ ಸಂಪಾದಿಸುತ್ತವಂತೆ. ಇದು ಬಿಟ್ಟಿ ಚಾಕರಿ ಅಲ್ಲವೇ?
— ಕಾಫಿ ಬೆಳೆಗಾರರು, ಸಕಲೇಶಪುರ

ನಿಮ್ಮ ಸಿಟ್ಟು ಸರಿಯಾಗಿದೆ ಸರ್, ಅದನ್ನು ತಳ್ಳಿಹಾಕೋದಿಲ್ಲ. ಇವತ್ತು ಪ್ರಪಂಚದ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಡೆಯುತ್ತವೆ. ಅದನ್ನು ನಂಬಿ ದೊಡ್ಡ ವ್ಯಾಪಾರ ಮಾಡುವವರಿದ್ದಾರೆ. ದುಡಿಯುವವರು ಒಬ್ಬರು, ಲಾಭ ಇನ್ನೊಬ್ಬರಿಗೆ ಅನ್ನುವ ಜಗಳ ಆ ಸಮುದಾಯದ ಒಳಗೂ ಇದೆ. 2014ರಲ್ಲಿ ಅದರ ಸ್ಥಾಪಕರಲ್ಲಿ ಒಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ ಅವರೇ, ಇದರಿಂದ ಬೆಳೆದ ಕಂಪನಿಗಳು ತಮ್ಮ ಶಕ್ತಿಯಲ್ಲಿ ನೂರಕ್ಕೆ 5 ಪಾಲನ್ನು ಇದಕ್ಕೇ ವಾಪಸ್ ಕೊಡಬೇಕು ಅಂತ ಕರೆ ಕೊಟ್ಟರು. ಕೆಲವು ಕಂಪನಿಗಳು ಸಂಬಳ ಕೊಟ್ಟು ಜನರನ್ನು ಈ ಕೆಲಸಕ್ಕೆ ಬಿಟ್ಟಿವೆ.

ಆದರೆ ಇದು ಹುಟ್ಟಿದ್ದು ಹೇಗೆ ಅಂತಲೂ ನೋಡಿ. ಬಿ2 ಅನ್ನುವ ಒಂದು ತಂತ್ರಾಂಶ ಇತ್ತು. ಬರೆದವರು ನಡುವೆ ಕೈಬಿಟ್ಟರು. 2003ರ ಜನವರಿಯಲ್ಲಿ ಅಮೆರಿಕದ 19 ವರ್ಷದ ಕಾಲೇಜು ಹುಡುಗ ಮ್ಯಾಟ್, ಇದನ್ನು ನಾನು ಮುಂದುವರಿಸಲೇ ಅಂತ ಕೇಳಿದ. ನಾನೂ ಕೈಜೋಡಿಸುತ್ತೇನೆ ಅಂದವರು ಇಂಗ್ಲೆಂಡಿನ ಮೈಕ್ ಲಿಟಲ್. ಅದೇ ವರ್ಷ ಮೇ 27ಕ್ಕೆ ಮೊದಲ ಆವೃತ್ತಿ ಬಂತು. ಹಾಗೆ ಮುಂದುವರಿಸಲು ಸಾಧ್ಯವಾಗಿದ್ದು ಬಿ2ಗೆ ಜಿಪಿಎಲ್ ಪರವಾನಗಿ ಇದ್ದದ್ದರಿಂದ. ಆ ಪರವಾನಗಿ ಹೇಳೋದು ಇಷ್ಟು: ತಗೊಳ್ಳಿ, ಬದಲಿಸಿ, ಬೇಕಾದರೆ ಮಾರಿ. ಆದರೆ ಬದಲಿಸಿ ಹಂಚುವಾಗ, ತಗೊಂಡವರಿಗೂ ಅದೇ ಹಕ್ಕು ಕೊಡಿ. ನಿಮ್ಮ ಮಗ ಬರೆದದ್ದನ್ನು ಯಾವ ಕಂಪನಿಯೂ ಬೀಗ ಹಾಕಿ ತನ್ನದೊಬ್ಬನದೇ ಮಾಡಿಕೊಳ್ಳಲು ಆಗೋದಿಲ್ಲ.

ನಿಮ್ಮ ಕಡೆ ನಾಟಿಗೆ ಮುಯ್ಯಾಳು ಹೋಗುತ್ತಿದ್ದರಲ್ಲ, ಇದೂ ಹತ್ತಿರ ಹತ್ತಿರ ಹಾಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ಮುಯ್ಯಿ ತೀರಿಸುವವರು ನೀವು ಗದ್ದೆಗೆ ಹೋದ ಮನೆಯವರೇ ಆಗಿರಬೇಕಿಲ್ಲ. ನನ್ನ ಅಂಗಡಿ ನಡೆಯುತ್ತಿರೋದು ಯಾರೋ ಗುರುತಿಲ್ಲದವರು ಬರೆದ ಕೋಡಿನ ಮೇಲೆ. ಒಂದು ರೂಪಾಯಿ ಕೊಟ್ಟಿಲ್ಲ. ಒತ್ತಕ್ಷರ ಸರಿ ಮಾಡಿಸುವುದು ನನ್ನ ಪಾಲಿನ ಮುಯ್ಯಿ.

ಎಲ್ಲಿ ಬೇಡ ಅನ್ನಬೇಕು ಅಂತಲೂ ಹೇಳುತ್ತೇನೆ. ಯಾರಾದರೂ ಬಂದು "ಓಪನ್ ಸೋರ್ಸ್ ಕಲಿತಂತೆ ಆಗುತ್ತೆ, ನಮ್ಮ ಕಂಪನಿ ವೆಬ್‌ಸೈಟ್ ಪುಕ್ಕಟೆ ಮಾಡಿಕೊಡು" ಅಂದರೆ ಖಂಡಿತ ಬೇಡ. ಅದು ಚಾಕರಿಯೇ. ಪರೀಕ್ಷೆ ಹತ್ತಿರ ಬಂದಾಗ, ಒಂದು ತಿಂಗಳು ಸಿಗೋದಿಲ್ಲ ಅಂತ ಬರೆದು ಹಾಕಲಿ. ಯಾರೂ ತಪ್ಪು ತಿಳಿಯೋದಿಲ್ಲ. ಮತ್ತೆ ಒಂದು ಸಲ ಅವನ ಪಕ್ಕ ಕೂತು, ಏನು ಮಾಡ್ತಿದ್ದೀಯ ತೋರಿಸು ಅಂತ ಕೇಳಿ. ಪ್ರತಿ ಹೊಸ ಆವೃತ್ತಿ ಬಂದಾಗ ಕೆಲಸ ಮಾಡಿದವರ ಹೆಸರುಗಳ ಪಟ್ಟಿ ಹಾಕುತ್ತಾರೆ. ಅದರಲ್ಲಿ ಅವನ ಹೆಸರು ಇದೆಯೋ ಏನೋ, ನೋಡಿ.

ಒಂದು ದೋಷ ತಿಳಿಸಿ ಮೂರು ವಾರ ಆಯಿತು. ಯಾರೂ ಮಾತಾಡಿಲ್ಲ. ನಾವು ಸಣ್ಣ ಊರಿನವರು ಅಂತ ಅಸಡ್ಡೆಯಾ?
— ಓದುಗರು, ಬೇಲೂರು

ಅಸಡ್ಡೆ ಅಲ್ಲ ಅಣ್ಣ, ನೀವು ಯಾವ ಊರಿನವರು ಅಂತ ಅಲ್ಲಿ ಯಾರೂ ಕೇಳೋದಿಲ್ಲ. ಕೆಲಸಕ್ಕೆ ಕೈ ಕಮ್ಮಿ, ದೂರುಗಳು ಸಾವಿರಾರು. ನೀವು ಕಾಯುತ್ತಾ ಕೂರುವ ಬದಲು ಒಂದು ಕೆಲಸ ಮಾಡಿ. ಬೇರೆಯವರು ಹಾಕಿದ ಎರಡು ದೂರು ತೆಗೆದು, ಅದೇ ದೋಷ ನಿಮ್ಮ ಕಂಪ್ಯೂಟರಿನಲ್ಲೂ ಬರುತ್ತಾ ಅಂತ ಪರೀಕ್ಷಿಸಿ ಬರೆಯಿರಿ. ಸರಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ, ನಿಮ್ಮ ಪರಿಚಯವೂ ಆಗುತ್ತೆ. ಆಮೇಲೆ ನಿಮ್ಮ ದೂರಿನ ಕೆಳಗೆ, ಹೊಸ ಆವೃತ್ತಿಯಲ್ಲೂ ಇದು ಹಾಗೇ ಇದೆ ಅಂತ ಮರ್ಯಾದೆಯಿಂದ ಒಂದು ಸಾಲು ಸೇರಿಸಿ.

ನನ್ನ ಇಂಗ್ಲಿಷ್ ಚೆನ್ನಾಗಿಲ್ಲ. ಬರೆಯಲು ನಾಚಿಕೆ.
— ಗೃಹಿಣಿ, ಚಿಕ್ಕಮಗಳೂರು

ಅಲ್ಲಿ ಬರೆಯುವ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ಸಣ್ಣ ಸಣ್ಣ ವಾಕ್ಯ ಸಾಕು, ಜೊತೆಗೆ ಚಿತ್ರ ಇರಲಿ. ಕನ್ನಡ ಅನುವಾದದ ಚರ್ಚೆಯನ್ನಂತೂ ಕನ್ನಡದಲ್ಲೇ ಮಾಡಬಹುದು.

ಮಳೆಗಾಲದಲ್ಲಿ ನಮ್ಮ ಕಡೆ ಎರಡೆರಡು ದಿನ ಕರೆಂಟ್ ಇರೋದಿಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಅನುವಾದ ಮಾಡೋದು ಹೇಗೆ ಅಕ್ಕ?
— ಓದುಗರು, ಮೂಡಿಗೆರೆ

ನೆಟ್ ಇದ್ದಾಗ ಸಾಲುಗಳ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡುಬಿಡಿ. ಪೋಎಡಿಟ್ ಅಂತ ಒಂದು ತಂತ್ರಾಂಶ ಇದೆ. ಅದರಲ್ಲಿ ನೆಟ್ ಇಲ್ಲದೆಯೂ ಅನುವಾದ ಮಾಡಿ ಉಳಿಸಿಡಬಹುದು. ಬ್ಯಾಟರಿ ಮುಗಿದರೆ ಇಂಗ್ಲಿಷ್ ಸಾಲನ್ನು ಪುಸ್ತಕದಲ್ಲಿ ಬರೆದುಕೊಂಡು, ಅದರ ಕೆಳಗೆ ಕನ್ನಡ ಬರೆದು ಮನೆಯವರಿಗೆ ಓದಿ ಹೇಳಿ. ಅವರಿಗೆ ಅರ್ಥ ಆಗದಿದ್ದರೆ ಸಾಲು ಬದಲಿಸಿ. ಕರೆಂಟ್ ಬಂದ ದಿನ ಒಟ್ಟಿಗೆ ಹಾಕಿದರಾಯಿತು.